ಮೇಷ್ಟ್ರು, ಇನ್‌ಸ್ಪೆಕ್ಟರು ಮತ್ತೆ ಆ ಫೋಟೋ

ನಮ್ಮ ಇಂಗ್ಲಿಷ್ ಮೇಷ್ಟ್ರು ಹೋದ್ರು ಅಂತ ವಾಟ್ಸಾಪ್‌ನಲ್ಲಿ ಮೆಸೇಜ್ ಬಂದಾಗ ನಂಗೆ ಮೊದ್ಲು ನೆನಪಾಗಿದ್ದು ಪಾಠ ಅಲ್ಲ, ಬಲ್ಬಿಗೆ ಸುತ್ತಿದ್ದ ಗುಲಾಬಿ ಜಿಲೆಟಿನ್ ಪೇಪರ್.

ಸೆಕೆಂಡ್ ಬಿ.ಎ.ಲಿದ್ದಾಗ ಪ್ರೀಸ್ಟ್ಲಿಯ 'ಆ್ಯನ್ ಇನ್‌ಸ್ಪೆಕ್ಟರ್ ಕಾಲ್ಸ್' ನಾಟಕಾನ ಮೇಷ್ಟ್ರೇ ಕನ್ನಡಕ್ಕೆ ಮಾಡಿ ನಮ್ಮ ಕೈಲಿ ಆಡಿಸಿದ್ರು. ಊರು ಬ್ರಮ್ಲಿನೇ, ಇಸವಿ 1912ನೇ, ಏನೂ ಬದಲಾಯಿಸ್ಲಿಲ್ಲ. ಫ್ಯಾಕ್ಟರಿ ಮಾಲೀಕ ಬರ್ಲಿಂಗ್ ಊಟ ಮುಗಿಸಿ, ಟೈಟಾನಿಕ್ ಮುಳುಗೋದೇ ಇಲ್ಲ ಅಂತ ಕೊಚ್ಕೊಂಡು, ಮನುಷ್ಯ ತನ್ನದು ತಾನು ನೋಡ್ಕೊಂಡ್ರೆ ಸಾಕು ಅಂತ ಉಪದೇಶ ಮಾಡ್ತಿರೋವಾಗ್ಲೇ ಬೆಲ್ ಆಗುತ್ತೆ, ಒಬ್ಬ ಇನ್‌ಸ್ಪೆಕ್ಟರ್ ಬರ್ತಾನೆ. ಅಲ್ಲಿವರ್ಗೂ ಗುಲಾಬಿ ಬೆಳಕು, ಅವ್ನು ಬಂದ್ಮೇಲೆ ಕಣ್ಣಿಗೆ ಹೊಡೆಯೋ ಬೆಳಕು. ನಮ್ಮ ಹುಡುಗ ಬೆಲ್ ಆದ ತಕ್ಷಣ ಏಣಿ ಹತ್ತಿ ಪೇಪರ್ ಕಿತ್ತು ಕೈ ಸುಟ್ಕೊಂಡಿದ್ದ.

ಇನ್‌ಸ್ಪೆಕ್ಟರ್ ನಾನೇ. ಹೇಳ್ಕೋಬಾರ್ದು, ಆದ್ರೂ ಊರಿಗೆ ಹೋದ್ರೆ ಇವತ್ತಿಗೂ ಇಬ್ರು ಮೂವರು 'ಇನ್‌ಸ್ಪೆಕ್ಟ್ರೇ' ಅಂತಾನೇ ಮಾತಾಡಿಸ್ತಾರೆ.

ಈವಾ ಸ್ಮಿತ್ ಅನ್ನೋ ಹುಡುಗಿ ವಾರಕ್ಕೆ ಇಪ್ಪತ್ತೆರಡೂವರೆ ಶಿಲ್ಲಿಂಗ್ ಸಾಲ್ದು, 25 ಕೊಡಿ ಅಂದಿದ್ದಕ್ಕೆ ಬರ್ಲಿಂಗ್ ಕೆಲಸದಿಂದ ತೆಗೀತಾನೆ, ಅವನ ಮಗಳು ಅವ್ಳ ಬಟ್ಟೆ ಅಂಗಡಿ ಕೆಲಸಾನೂ ಕಳೀತಾಳೆ, ಹೀಗೆ ಮನೇಲಿ ಇರೋರೆಲ್ಲ ಒಂದೊಂದು ಕೈ ಹಾಕಿ ಕೊನೆಗೆ ಅವ್ಳು ಫಿನಾಯಿಲ್ ಥರದ್ದೇನೋ ಕುಡಿದು ಸಾಯ್ತಾಳೆ. ಇನ್‌ಸ್ಪೆಕ್ಟರ್ ಅವ್ಳ ಫೋಟೋ ತೋರಿಸೋದು ಒಂದ್ಸಲಕ್ಕೆ ಒಬ್ಬರಿಗೇ. ಕೊನೇಲಿ ಬರ್ಲಿಂಗ್, ಅವನ ಹೆಂಡ್ತಿ, ಭಾವೀ ಅಳಿಯ ಸೇರಿ, ಅವ್ನು ಪೊಲೀಸೇ ಅಲ್ಲ, ಫೋಟೋನೂ ಬೇರೆ ಬೇರೆ ಇರ್ಬೇಕು ಅಂತ ಲಾಜಿಕ್ ಹುಡುಕ್ತಾರೆ. ಮೇಷ್ಟ್ರು ರಿಹರ್ಸಲ್ ನಿಲ್ಲಿಸಿ ಕೇಳಿದ್ರು: "ಬೇರೆ ಬೇರೆ ಹುಡುಗೀರೇ ಆಗಿದ್ರೂ, ಮಾಡಿದ್ದು ನೀವೇ ತಾನೆ?"

ಈಗ ನಮ್ಮ ಕಿತಾಪತಿ. ಕಾರಿಡಾರಿನ ಗ್ರೂಪ್ ಫೋಟೋದಿಂದ ಮೇಷ್ಟ್ರ ಮುಖ ಕತ್ತರಿಸಿ ಆ ಈವಾ ಫೋಟೋ ಮೇಲೆ ಅಂಟಿಸಿದ್ವಿ. ಷೋ ದಿನ ಮಗಳ ಪಾರ್ಟಿನವ್ಳು ಫೋಟೋ ನೋಡಿದ್ಲು, ನಗು ತಡೀಲಾರದೆ ಮುಖ ಮುಚ್ಕೊಂಡು ಓಡಿದ್ಲು. ನಾಟಕದಲ್ಲೂ ಅವ್ಳು ಅಳ್ತಾ ಓಡ್ಬೇಕು! ಜನ ಚಪ್ಪಾಳೆ.

ಮಾರನೇ ದಿನ ಮೇಷ್ಟ್ರು ಸ್ಟಾಫ್ ರೂಮಿಗೆ ಕರೆದ್ರು, ಒಬ್ಬೊಬ್ಬರನ್ನೇ. ಬಾಗಿಲು ಹಾಕಿ, ಅದೇ ಫೋಟೋ ಟೇಬಲ್ ಮೇಲಿಟ್ಟು, "ಇವ್ರು ಗೊತ್ತಾ ನಿಂಗೆ?" ಒಬ್ಬ ಬರೀ ಫ್ರೇಮ್ ಇಳಿಸಿದ್ದು ಸಾರ್ ಅಂದ, ಇನ್ನೊಬ್ಬ ಕತ್ತರಿ ಕೊಟ್ಟಿದ್ದಷ್ಟೇ ಅಂದ, ಮತ್ತೊಬ್ಬ ಗೋಂದು ತಂದಿದ್ದು ಅಂದ, ನಾನು ಜೇಬಲ್ಲಿ ಇಟ್ಕೊಂಡಿದ್ದು ಮಾತ್ರ ಅಂದೆ. "ಹಂಗಾದ್ರೆ ಇದನ್ನ ಯಾರೂ ಮಾಡೇ ಇಲ್ಲ ಅನ್ನಿ" ಅಂತ ಫೋಟೋ ಡ್ರಾಯರ್‌ಗೆ ಹಾಕ್ಕೊಂಡ್ರು. ಬೈದಿದ್ರೆ ಇಷ್ಟೊತ್ತಿಗೆ ಮರೆತೋಗ್ತಿತ್ತು.

ನಮ್ಮಣ್ಣನ ಮಗಳು ಇಂಗ್ಲೆಂಡಲ್ಲಿ ಜಿಸಿಎಸ್‌ಇಗೆ, ಅಂದ್ರೆ ನಮ್ಮ ಎಸ್ಸೆಸ್ಸೆಲ್ಸಿ ಥರದ ಪರೀಕ್ಷೆಗೆ, ಇದೇ ನಾಟಕ ಓದ್ತಾಳೆ, ಸಾಮಾಜಿಕ ಜವಾಬ್ದಾರಿ ಅಂತ ಒಂದು ಹಳದಿ ಕಾರ್ಡ್, ಅದ್ರಲ್ಲಿ ಉರು ಹೊಡೆಯೋಕೆ ನಾಲ್ಕು ಡೈಲಾಗು. ಇಲ್ಲಿನ ಗೈಡುಗಳೂ ಹಂಗೇ ಬಿಡಿ. ಸ್ಟಾಫ್ ರೂಮಲ್ಲಿ ಬೆವರಿದ್ದಕ್ಕೆ ಯಾವ ಕಾರ್ಡಲ್ಲೂ ಮಾರ್ಕ್ಸ್ ಇಲ್ಲ.

ಶ್ರದ್ಧಾಂಜಲಿ ಸಭೆ ಮುಗಿಸಿ ನಾವು ನಾಲ್ವರೂ ಕಾರಿಡಾರಿಗೆ ಹೋದ್ವಿ. ಗ್ರೂಪ್ ಫೋಟೋ ಇನ್ನೂ ಅಲ್ಲೇ ಇದೆ, ಮೇಷ್ಟ್ರ ಮುಖ ಇದ್ದ ಕಡೆ ಹಿಂದಿನ ರಟ್ಟು ಕಾಣುತ್ತೆ. ಸುಮಾರು ಹೊತ್ತು ಯಾರೂ ಮಾತಾಡ್ಲಿಲ್ಲ. ಆಮೇಲೆ ಒಬ್ಬ ಮೆಲ್ಲಗೆ, "ನಾನು ಫ್ರೇಮ್ ಇಳಿಸಿದ್ದಷ್ಟೇ ಕಣ್ರೋ" ಅಂದ.