ನೀರ್ಚಾಲಿನ ಮನೆಯ ವಯರಿಂಗ್: ಮೂರನೇ ವಾರ

ಹಳೆಯ ವಯರು ಕಿತ್ತು ಹೊಸತು ಎಳೆಯುವ ಕೆಲಸ. ಚಾವಡಿ, ದೇವರ ಕೋಣೆ, ಅಡುಗೆಮನೆ ಮುಗಿದವು. ಅಟ್ಟ, ಕೊಟ್ಟಿಗೆ ಬಾಕಿ. ತುಲಾಮಾಸದ (ಅಕ್ಟೋಬರ್-ನವೆಂಬರ್) ಸಂಜೆ ಸಿಡಿಲು ಶುರುವಾಗುವ ಮೊದಲು ಮುಗಿಸಲೇಬೇಕು.

ಸೋಮವಾರ. ಮೈನ್ ಆಫ್ ಮಾಡಿ, ಟೆಸ್ಟರ್ ಇಟ್ಟು ನೋಡಿ ಅಟ್ಟ ಹತ್ತಿದೆವು, ನಾನು ಮತ್ತು ಲೈಸೆನ್ಸ್ ಇರುವ ನಮ್ಮ ವಯರ್‌ಮನ್. ಮರದ ಪಟ್ಟಿಗೆ ತಗಡಿನ ಕ್ಲಿಪ್ಪು ಬಡಿದು ಎಳೆದ ಅಜ್ಜನ ಕಾಲದ ರಬ್ಬರ್ ವಯರು. ಬೆರಳು ತಾಗಿದಲ್ಲೆಲ್ಲ ರಬ್ಬರು ಕರಟಿದ ಹಪ್ಪಳದಂತೆ ಉದುರಿತು. ಒಳಗಿನ ತಾಮ್ರದ ಎಳೆಗಳಿಗೆ ಮಾತ್ರ ಏನೂ ಆಗಿಲ್ಲ. ರಬ್ಬರಿನ ಗಂಧಕ ತಾಮ್ರವನ್ನು ತಿನ್ನದಿರಲೆಂದು ಆಗ ತವರ ಬಳಿಯುತ್ತಿದ್ದರು. ವಯರಿನ ಹೊದಿಕೆ ಕರೆಂಟನ್ನು ಎಷ್ಟು ತಡೆಯುತ್ತದೆ ಎಂದು ಅಳೆಯುವ 500 ವೋಲ್ಟಿನ ಮೆಗ್ಗರ್ ಹಾಕಿದರೆ 0.2 ಮೆಗಾಓಮ್. ಒಂದಾದರೂ ಬೇಕಿತ್ತು. ಇಷ್ಟು ದಿನ ಅದರ ಕೆಳಗೆ ಒಣ ಅಡಿಕೆಯ ಗೋಣಿ ಪೇರಿಸಿಟ್ಟಿದ್ದೆವು. ಅದೇ ಸಂಜೆ ಎಲ್ಲ ಇಳಿಸಿದೆ.

ಹಳೆಯ ಮೈನ್ ಬೋರ್ಡಿನಲ್ಲಿ ನ್ಯೂಟ್ರಲಿಗೂ (ಕರೆಂಟು ಮರಳುವ ವಯರಿಗೂ) ಪಿಂಗಾಣಿ ಫ್ಯೂಸು ಇತ್ತು. ಅದೊಂದೇ ಸುಟ್ಟರೆ ದೀಪ ಆರುತ್ತದೆ, ಹೋಲ್ಡರಿನಲ್ಲಿ ಫೇಸ್ (ಕರೆಂಟು ಬರುವ ವಯರು) ಜೀವಂತ ಇರುತ್ತದೆ. ಕರೆಂಟಿಲ್ಲ ಎಂದು ಕೈಹಾಕಿದವರ ಗತಿ? ಕಿತ್ತು ತೆಗೆದಾಯಿತು. ಈಗ ದೀಪಕ್ಕೆ 1.5, ಪ್ಲಗ್ಗಿಗೆ 2.5 ಚದರ ಮಿಲಿಮೀಟರ್ ವಯರು, ಒಂದೊಂದು ಲೈನಿಗೆ ಒಂದೊಂದು ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚು).

ಬುಧವಾರ ಅರ್ತ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕಿಳಿಸುವ ದಾರಿ. ಇದ್ದಿಲು, ಉಪ್ಪು ತುಂಬಿ ಎರಡೂವರೆ ಮೀಟರ್ ಪೈಪು ಇಳಿಸಿದರೂ ನಮ್ಮ ಮುರಕಲ್ಲಿನ ನೆಲದಲ್ಲಿ ಅದರ ರೋಧ 46 ಓಮಿಗಿಂತ ಕೆಳಗೆ ಬರಲಿಲ್ಲ. ಲೆಕ್ಕ ಹಾಕಿ ನೋಡಿ: ಮನೆಯ 230 ವೋಲ್ಟನ್ನು 46ರಿಂದ ಭಾಗಿಸಿದರೆ 5 ಆಂಪಿಯರ್. ಗ್ರೈಂಡರಿನ ಮೈಗೆ ಫೇಸ್ ತಾಗಿದರೂ 16 ಆಂಪಿಯರಿನ ಎಂಸಿಬಿ ಬೀಳುವುದೇ ಇಲ್ಲ, ಮೈಯಲ್ಲಿ ಕರೆಂಟು ಹಾಗೇ ನಿಲ್ಲುತ್ತದೆ. ಅರ್ತ್ ಹಾಕಿದೆವಲ್ಲ ಎಂದು ನಿಶ್ಚಿಂತೆಯಿಂದ ಇರುವ ಗುಡ್ಡದ ಮನೆಯವರು ಇದನ್ನು ದಯವಿಟ್ಟು ಗಮನಿಸಿ. 30 ಮಿಲಿಆಂಪಿಯರ್ ಸೋರಿದರೆ ಸಾಕು, ಆರ್‌ಸಿಸಿಬಿ (ಹೋದ ಕರೆಂಟಿಗೂ ಮರಳಿದ ಕರೆಂಟಿಗೂ ವ್ಯತ್ಯಾಸ ಬಂದರೆ ಲೈನು ಕಡಿಯುವ ಸ್ವಿಚ್ಚು) ಬೀಳುತ್ತದೆ. ಅದಕ್ಕೆ ಈ ಅರ್ತ್ ಧಾರಾಳವಾಯಿತು.

ಶುಕ್ರವಾರ ಆರ್‌ಸಿಸಿಬಿ ಕೂರಿಸಿದೆವು. ಮನೆಯೊಳಗೆ ಎಲ್ಲ ಸರಿ. ಕೊಟ್ಟಿಗೆಯ ಹುಲ್ಲು ಕತ್ತರಿಸುವ ಮೆಷಿನ್ ಹಾಕಿದೊಡನೆ ಟಪ್ಪನೆ ಬಿತ್ತು. ಮತ್ತೆ ಹಾಕಿದರೂ ಅದೇ. ಪ್ಲಗ್ಗಿನ ಮುಚ್ಚಳ ಬಿಚ್ಚಿದಾಗ ಕಂಡದ್ದು ಒಂದು ಗೇಣು ಕೆಂಪು ವಯರಿನ ತುಂಡು. ಹಿಂದೆ ಯಾರೋ ಅರ್ತ್ ಎಳೆಯುವ ಬದಲು ನ್ಯೂಟ್ರಲನ್ನೇ ಅರ್ತ್ ಪಿನ್ನಿಗೆ ಕಟ್ಟಿದ್ದರು. ಮೆಷಿನ್ನಿನ ಕಬ್ಬಿಣದ ಕಾಲುಗಳು ಒದ್ದೆ ಕಲ್ಲಿನ ಮೇಲಿವೆ, ಹಾಗಾಗಿ ಕರೆಂಟಿನ ಒಂದು ಪಾಲು ನೆಲದ ದಾರಿ ಹಿಡಿಯುತ್ತಿತ್ತು. ದಾರಿಯಲ್ಲೆಲ್ಲಾದರೂ ನ್ಯೂಟ್ರಲ್ ತುಂಡಾಗಿದ್ದರೆ ಮೆಷಿನ್ನಿನ ಮೈಯಿಡೀ ಫೇಸ್. ಅದರಿಂದ ಒಂದು ಮಾರು ದೂರದಲ್ಲಿ ನಮ್ಮ ದನ ಗೌರಿಯನ್ನು ಕಟ್ಟುತ್ತೇವೆ. ನಮಗೆ ಅಪಾಯವಾಗುವುದಕ್ಕಿಂತ ಕಡಿಮೆ ವೋಲ್ಟೇಜೂ ದನಗಳಿಗೆ ತಡೆಯುವುದಿಲ್ಲ. ಆ ತುಂಡನ್ನು ಕಿತ್ತು ಕೈಯಲ್ಲಿ ಹಿಡಿದಾಗ ನನಗೆ ಮಾತೇ ಬರಲಿಲ್ಲ.

ಕೊಟ್ಟಿಗೆಯ ಲೈನು ಈಗ ಪೂರ್ತಿ ಬಂದ್. ಪೈಪಿನೊಳಗೆ ಮೂರು ವಯರು ಎಳೆಯುವವರೆಗೆ ಹುಲ್ಲು ಕತ್ತಿಯಲ್ಲೇ, ಸಂಜೆ ಹಾಲು ಕರೆಯುವುದು ಟಾರ್ಚಿನ ಬೆಳಕಿನಲ್ಲಿ.