ಹೆಪಟೈಟಿಸ್ ಸಿ: ಔಷಧ ಬಂದ ಮೇಲೂ ಬರುತ್ತಿರುವ ಹೊಸ ಸೋಂಕು

2021ರ ಆಗಸ್ಟ್ ತಿಂಗಳಲ್ಲಿ ರಾಜಾಜಿನಗರದಿಂದ ಅಕ್ಕ ಫೋನ್ ಮಾಡಿ, "ಪುಟ್ಟಿ, ನಿಮ್ಮ ಭಾವನಿಗೆ ಹೆಪಟೈಟಿಸ್ ಸಿ ಅಂತೆ. ಆರು ತಿಂಗಳ ಹಿಂದೆ ಇಲ್ಲ ಅಂದಿದ್ದರಲ್ಲ, ಈಗ ಎಲ್ಲಿಂದ ಬಂತು?" ಎಂದು ಕೇಳಿದಳು. ಹೆಪಟೈಟಿಸ್ ಸಿ ಎಂದರೆ ರಕ್ತದ ಮೂಲಕ ಹರಡಿ ಯಕೃತ್ತನ್ನು ಕೆಡಿಸುವ ವೈರಸ್ ಸೋಂಕು. ಭಾವ ಅದಾಗಲೇ ಮೂರು ವರ್ಷಗಳಿಂದ ವಾರಕ್ಕೆ ಮೂರು ಬಾರಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದರು. ತಿಂಗಳಿಗೊಮ್ಮೆ ಮಾಡುವ ರಕ್ತಪರೀಕ್ಷೆಯಲ್ಲಿ ಯಾವಾಗಲೂ ನಲವತ್ತರ ಒಳಗೇ ಇರುತ್ತಿದ್ದ ಎಸ್‌ಜಿಪಿಟಿ, ಅಂದರೆ ಯಕೃತ್ತಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಕಿಣ್ವ, ಒಮ್ಮೆಲೇ 260 ಆಗಿತ್ತು. ವೈರಸ್ಸಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯವನ್ನು ಹುಡುಕುವ ಆಂಟಿಬಾಡಿ ಪರೀಕ್ಷೆಯನ್ನು ಮೊದಲು ಮಾಡಿದರು, ಅದರಲ್ಲಿ ಏನೂ ಸಿಗಲಿಲ್ಲ. ಮೂತ್ರಪಿಂಡ ತಜ್ಞರು ಅಷ್ಟಕ್ಕೇ ಬಿಡದೆ ವೈರಸ್ಸಿನ ಆರ್‌ಎನ್‌ಎಯನ್ನೇ, ಅಂದರೆ ಅದರ ವಂಶವಾಹಿ ವಸ್ತುವನ್ನೇ, ಹುಡುಕುವ ಪರೀಕ್ಷೆಯನ್ನು ಬರೆದುಕೊಟ್ಟದ್ದರಿಂದ ವಿಷಯ ಹೊರಬಂತು. ನಾನು ವೈದ್ಯಳಲ್ಲ, ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುವವಳು. ಅಕ್ಕನ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಂತೆ ಈ ರೋಗದ ಅಂಕಿಅಂಶಗಳನ್ನು ಓದುವ ಅಭ್ಯಾಸ ನನಗೆ ಹತ್ತಿಕೊಂಡಿತು.

ಮೊದಲು ಒಂದು ಪದದ ಬಗ್ಗೆ ಹೇಳಬೇಕು. ವೈರಸ್ ದೇಹವನ್ನು ಹೊಕ್ಕ ಮೊದಲ ಆರು ತಿಂಗಳ ಅವಧಿಯನ್ನು ಕನ್ನಡದ ಆರೋಗ್ಯ ಕೈಪಿಡಿಗಳಲ್ಲಿ "ತೀವ್ರ ಸೋಂಕು" ಎಂದೂ ಅನಂತರ ಉಳಿದುಕೊಳ್ಳುವುದನ್ನು "ದೀರ್ಘಕಾಲಿಕ ಸೋಂಕು" ಎಂದೂ ಕರೆಯುತ್ತಾರೆ. ಆದರೆ ತೀವ್ರ ಎಂಬ ಮಾತು ಓದುಗರ ದಾರಿ ತಪ್ಪಿಸುತ್ತದೆ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಹೆಪಟೈಟಿಸ್ ಸಿ ಈ ಹಂತದಲ್ಲಿ ಬಹುಪಾಲು ಜನರಲ್ಲಿ ಯಾವ ಸದ್ದೂ ಮಾಡುವುದಿಲ್ಲ. ಜ್ವರವಿಲ್ಲ, ಕಣ್ಣು ಹಳದಿಯಾಗುವುದಿಲ್ಲ, ಹೆಚ್ಚೆಂದರೆ ಸ್ವಲ್ಪ ಸುಸ್ತು. ಕೆಲವರಿಗೆ ಕಾಮಾಲೆ ಕಾಣಿಸಿಕೊಂಡರೂ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ನೆಲನೆಲ್ಲಿಯ ರಸ ಕುಡಿದು ವಾಸಿಯಾಯಿತೆಂದು ನಂಬಿಕೊಂಡವರ ಯಕೃತ್ತಿನಲ್ಲಿ ವೈರಸ್ ಹಾಗೆಯೇ ಕುಳಿತಿರಬಹುದು. ಸೋಂಕು ತಗುಲಿದವರಲ್ಲಿ ಸುಮಾರು ನೂರಕ್ಕೆ ಮೂವತ್ತು ಮಂದಿ ಯಾವ ಔಷಧವೂ ಇಲ್ಲದೆ ಆರು ತಿಂಗಳೊಳಗೆ ಅದನ್ನು ಕಳೆದುಕೊಳ್ಳುತ್ತಾರೆ. ಉಳಿದವರಲ್ಲಿ ಅದು ನೆಲೆಯೂರುತ್ತದೆ. ಇಪ್ಪತ್ತು ವರ್ಷಗಳಲ್ಲಿ ಅವರ ಪೈಕಿ ನೂರಕ್ಕೆ 15ರಿಂದ 30 ಜನರಿಗೆ ಸಿರೋಸಿಸ್, ಅಂದರೆ ಯಕೃತ್ತು ಗಾಯದ ಕಲೆಗಟ್ಟಿ ಗಡುಸಾಗುವ ಸ್ಥಿತಿ, ಆಗುವ ಅಪಾಯವಿದೆ. ಹಾಗಾಗಿ ಮುಂದೆ ನಾನು ಮೊದಲ ಆರು ತಿಂಗಳ ಆ ಹಂತವನ್ನು ಹೊಸ ಸೋಂಕು ಎಂದೇ ಕರೆಯುತ್ತೇನೆ.

ಹೊಸ ಸೋಂಕನ್ನು ಎಣಿಸುವುದು ಬಹಳ ಕಷ್ಟದ ಕೆಲಸ. ಸೋಂಕಿನ ಒಂದೆರಡು ವಾರಗಳಲ್ಲೇ ಆರ್‌ಎನ್‌ಎ ರಕ್ತದಲ್ಲಿ ಸಿಗುತ್ತದೆ, ಆದರೆ ಆಂಟಿಬಾಡಿ ಮೂಡಲು ಸಾಮಾನ್ಯವಾಗಿ ಎಂಟರಿಂದ ಹನ್ನೊಂದು ವಾರ ಬೇಕು. ಡಯಾಲಿಸಿಸ್‌ನಲ್ಲಿರುವವರಲ್ಲಿ ಅದು ಇನ್ನೂ ತಡವಾಗಬಹುದು. ಇನ್ನೊಂದು ತೊಡಕೆಂದರೆ, ಒಮ್ಮೆ ಮೂಡಿದ ಆಂಟಿಬಾಡಿ ಗುಣವಾದ ಮೇಲೂ ವರ್ಷಗಟ್ಟಲೆ ಉಳಿಯುವುದರಿಂದ, ಒಂದು ಪಾಸಿಟಿವ್ ವರದಿಯನ್ನು ನೋಡಿ ಸೋಂಕು ಹೋದ ತಿಂಗಳು ಬಂದದ್ದೋ ಇಪ್ಪತ್ತು ವರ್ಷ ಹಳೆಯದೋ ಎಂದು ಹೇಳಲಾಗದು. ಈ ಎಣಿಕೆಯನ್ನು ವರ್ಷದಿಂದ ವರ್ಷಕ್ಕೆ ಪ್ರಕಟಿಸುವ ದೇಶಗಳಲ್ಲಿ ಅಮೆರಿಕ ಒಂದು. ಅಲ್ಲಿಯ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿ ವರದಿಯಾದ ಪ್ರತಿ ಹೊಸ ಸೋಂಕಿನ ಹಿಂದೆ ಒಟ್ಟು ಸುಮಾರು 13.9 ಸೋಂಕುಗಳಿವೆ ಎಂದು ಲೆಕ್ಕ ಹಾಕುತ್ತದೆ. ಅಂದರೆ ಕೈಗೆ ಸಿಗುವ ಒಂದು ಕಾಳಿನಿಂದ ಇಡೀ ಮೂಟೆಯನ್ನು ಅಂದಾಜು ಮಾಡಬೇಕಾದ ಸ್ಥಿತಿ ಇದು.

ಔಷಧದ ಕಥೆ ನಮ್ಮಲ್ಲಿ ಹೆಚ್ಚು ಪ್ರಚಾರ ಪಡೆದಿರುವುದರಿಂದ ಬೇಗ ಹೇಳಿ ಮುಗಿಸುತ್ತೇನೆ. 1989ರಲ್ಲಿ ಈ ವೈರಸ್ ಪತ್ತೆಯಾಯಿತು; ಅದರ ಹಿಂದಿನ ಕೆಲಸಕ್ಕಾಗಿ ಹಾರ್ವಿ ಆಲ್ಟರ್, ಮೈಕೆಲ್ ಹಾಟನ್ ಮತ್ತು ಚಾರ್ಲ್ಸ್ ರೈಸ್ ಅವರಿಗೆ 2020ರ ನೊಬೆಲ್ ಪ್ರಶಸ್ತಿ ಬಂತು. ಮೊದಲಿದ್ದದ್ದು ಇಂಟರ್‌ಫೆರಾನ್ ಚುಚ್ಚುಮದ್ದು ಮತ್ತು ರಿಬಾವಿರಿನ್ ಮಾತ್ರೆ. ವರ್ಷದವರೆಗೂ ನಡೆಯುವ ಆ ಚಿಕಿತ್ಸೆಯಲ್ಲಿ ಜ್ವರ, ಖಿನ್ನತೆ, ರಕ್ತಹೀನತೆಗಳನ್ನು ಸಹಿಸಿಕೊಂಡರೂ ಗುಣವಾಗುತ್ತಿದ್ದವರು ಸುಮಾರು ಅರ್ಧದಷ್ಟು. ವೈರಸ್ಸಿನ ನಕಲು ಯಂತ್ರವನ್ನೇ ನೇರವಾಗಿ ತಡೆಯುವ ಸೊಫೊಸ್‌ಬುವಿರ್ 2013ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆದಾಗ ಹನ್ನೆರಡು ವಾರಗಳ ಮಾತ್ರೆಗೆ ಅಲ್ಲಿ ಇಟ್ಟ ಬೆಲೆ 84,000 ಡಾಲರ್. ಮರುವರ್ಷ ಆ ಮಾತ್ರೆಯ ಒಡೆತನ ಹೊಂದಿದ್ದ ಗಿಲಿಯಡ್ ಕಂಪನಿಯು ಅದನ್ನು ಅಗ್ಗವಾಗಿ ತಯಾರಿಸಲು ಏಳು ಭಾರತೀಯ ತಯಾರಕರಿಗೆ ಪರವಾನಗಿ ಕೊಟ್ಟಿತು; ನಮ್ಮ ಬೆಂಗಳೂರಿನ ಸ್ಟ್ರೈಡ್ಸ್ ಅವುಗಳಲ್ಲಿ ಒಂದು. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆಯೂ ಮಾತ್ರೆಯೂ ಉಚಿತ. ನೂರಕ್ಕೆ ತೊಂಬತ್ತೈದರ ಆಸುಪಾಸಿನ ಜನ ಗುಣವಾಗುತ್ತಾರೆ.

ಇಷ್ಟೊಂದು ಬಲವಾದ ಔಷಧ ಬಂದ ಮೇಲೆ ಹೊಸ ಸೋಂಕು ಇಳಿಯಬೇಕಲ್ಲವೇ? ಅಮೆರಿಕದ ಅಂಕಿಗಳನ್ನು ಮೊದಲ ಸಲ ಬರೆದುಕೊಂಡಾಗ ನಾನು ತಪ್ಪು ಸಾಲು ಓದಿದೆನೇನೋ ಎಂದು ಮತ್ತೆ ನೋಡಿದೆ. ಸೊಫೊಸ್‌ಬುವಿರ್ ಬಂದ 2013ರಲ್ಲಿ ಅಲ್ಲಿ ವರದಿಯಾದ ಹೊಸ ಸೋಂಕುಗಳು 2,138. 2020ರಲ್ಲಿ ಅದು 4,798 ಆಯಿತು, 2021ರಲ್ಲಿ 5,023. 2022ರಲ್ಲಿ 4,848ಕ್ಕೆ ಬಂದು ದಶಕಕ್ಕೂ ಹೆಚ್ಚು ಕಾಲದ ಏರಿಕೆ ಮೊದಲ ಬಾರಿಗೆ ತುಸು ತಗ್ಗಿತು; ಆಗಲೂ ನಿಜವಾದ ಸಂಖ್ಯೆ ಸುಮಾರು 67,400 ಇರಬಹುದೆಂಬುದು ಅವರದೇ ಅಂದಾಜು. ನಡುವೆ ಪರೀಕ್ಷೆಗಳು ಹೆಚ್ಚಿದವು, 2020ರಲ್ಲಿ ಎಣಿಕೆಯ ವ್ಯಾಖ್ಯೆಯೂ ಬದಲಾಯಿತು, ಹಾಗಾಗಿ ಏರಿಕೆಯೆಲ್ಲವೂ ರೋಗದ್ದೇ ಎನ್ನುವಂತಿಲ್ಲ. ಆದರೂ ದಿಕ್ಕಿನ ಬಗ್ಗೆ ಸಂಶಯವಿಲ್ಲ. ಕಾರಣವನ್ನು ಹುಡುಕಿದರೆ, ಔಷಧ ಹೋದ ಮನೆ ಬೇರೆ, ವೈರಸ್ ಓಡಾಡುತ್ತಿದ್ದ ಮನೆ ಬೇರೆ ಎಂಬುದು ಕಾಣುತ್ತದೆ. ಹಳೆಯ ಸೋಂಕಿನಿಂದ ಯಕೃತ್ತು ಹಾಳಾಗಿದ್ದ ಐವತ್ತು ಅರವತ್ತು ದಾಟಿದವರು ಮಾತ್ರೆ ಪಡೆದು ಗುಣವಾದರು, ಅದು ದೊಡ್ಡ ಉಪಕಾರವೇ. ಆದರೆ ಹೊಸ ಸೋಂಕು ಹರಡುತ್ತಿದ್ದದ್ದು ಹೆರಾಯಿನ್ ಮತ್ತಿತರ ಮಾದಕವಸ್ತುಗಳನ್ನು ಸೂಜಿಯಲ್ಲಿ ಚುಚ್ಚಿಕೊಳ್ಳುವ ಇಪ್ಪತ್ತು ಮೂವತ್ತರ ಹರೆಯದವರಲ್ಲಿ. ಹಲವು ರಾಜ್ಯಗಳ ಬಡವರ ಆರೋಗ್ಯ ವಿಮೆಯಲ್ಲಿ, ಯಕೃತ್ತು ಸಾಕಷ್ಟು ಕೆಟ್ಟಿದ್ದರೆ ಮಾತ್ರ, ಚಟ ಬಿಟ್ಟಿದ್ದರೆ ಮಾತ್ರ ಮಾತ್ರೆ ಎಂಬ ಷರತ್ತುಗಳಿದ್ದವು. ಸೋಂಕನ್ನು ದಾಟಿಸುವ ಸಾಧ್ಯತೆ ಅತಿ ಹೆಚ್ಚಾಗಿದ್ದವರೇ ಸರದಿಯ ಕೊನೆಯಲ್ಲಿ ನಿಂತಿದ್ದರು.

ಇದೇ ಮಾತ್ರೆ ನೆದರ್ಲೆಂಡ್ಸ್‌ನಲ್ಲಿ ಬೇರೆ ಫಲ ಕೊಟ್ಟಿತು. ಅಲ್ಲಿ ಎಚ್‌ಐವಿ ಇರುವ ಸಲಿಂಗಾಸಕ್ತ ಪುರುಷರಲ್ಲಿ ಹೆಪಟೈಟಿಸ್ ಸಿ ಹೊಸದಾಗಿ ಹರಡುತ್ತಿತ್ತು. ಅವರೆಲ್ಲ ಎಚ್‌ಐವಿ ಚಿಕಿತ್ಸಾ ಕೇಂದ್ರಗಳಿಗೆ ನಿಯಮಿತವಾಗಿ ಬಂದು ರಕ್ತ ಕೊಡುತ್ತಿದ್ದವರು. 2015ರ ಕೊನೆಯಲ್ಲಿ ಯಕೃತ್ತಿನ ಸ್ಥಿತಿ ಹೇಗೇ ಇರಲಿ ಎಲ್ಲರಿಗೂ ಮಾತ್ರೆ ಎಂದು ಸರ್ಕಾರ ತೀರ್ಮಾನಿಸಿತು. 2014ರಲ್ಲಿ ಆ ಕೇಂದ್ರಗಳಲ್ಲಿ ಕಂಡುಬಂದಿದ್ದ ಹೊಸ ಸೋಂಕುಗಳು 93, 2016ರಲ್ಲಿ 49. ಎರಡೇ ವರ್ಷಗಳಲ್ಲಿ ಅರ್ಧಕ್ಕೆ ಇಳಿದ ಈ ಸಂಖ್ಯೆ ಚಿಕ್ಕದೆನಿಸಬಹುದು, ಆದರೆ ಚಿಕಿತ್ಸೆಯೇ ತಡೆಯೂ ಆಗಬಲ್ಲದು ಎಂಬುದನ್ನು ನನಗೆ ಮನದಟ್ಟು ಮಾಡಿಸಿದ್ದು ಇದೇ.

ಮತ್ತೆ ಭಾವನ ವಿಷಯಕ್ಕೆ ಬರುತ್ತೇನೆ. ಮೊದಲು ಹೋದ ಒಂದು ಖಾಸಗಿ ಆಸ್ಪತ್ರೆಯಲ್ಲಿ, ಆರು ತಿಂಗಳು ಕಾಯೋಣ, ತಾನಾಗಿ ಹೋದರೂ ಹೋಗಬಹುದು ಎಂದರು. ಇಂಟರ್‌ಫೆರಾನ್ ಕಾಲದಲ್ಲಿ ಆ ಮಾತಿಗೆ ಅರ್ಥವಿತ್ತು: ಅಷ್ಟು ಕಠಿಣವಾದ ಔಷಧವನ್ನು, ಅದರ ಅಗತ್ಯವೇ ಬೀಳದ ಮೂರನೆಯ ಒಂದು ಭಾಗ ಜನರಿಗೆ ಏಕೆ ಕೊಡಬೇಕು? ಮಾತ್ರೆಯ ಕಾಲದಲ್ಲಿ ಕಾಯುವುದೆಂದರೆ ಅಷ್ಟೂ ದಿನ ಸೋಂಕು ಬೇರೆಯವರಿಗೆ ದಾಟುವ ಅವಕಾಶವನ್ನು ತೆರೆದಿಡುವುದು; ಭಾವನಂತೆ ವಾರಕ್ಕೆ ಮೂರು ಸಲ ರಕ್ತ ದೇಹದಿಂದ ಹೊರಗೆ ಹರಿದು ಬರುವವರಲ್ಲಂತೂ ಇದು ಕೇವಲ ತರ್ಕದ ಮಾತಲ್ಲ. ನಮ್ಮ ಮೂತ್ರಪಿಂಡ ತಜ್ಞರು ಕಾಯಲು ಒಪ್ಪಲಿಲ್ಲ. ಸರ್ಕಾರಿ ಆಸ್ಪತ್ರೆಯೊಂದರಿಂದ ಸೊಫೊಸ್‌ಬುವಿರ್ ಮತ್ತು ವೆಲ್ಪಟಾಸ್ವಿರ್ ಸೇರಿದ ಮಾತ್ರೆ ಉಚಿತವಾಗಿ ಸಿಕ್ಕಿತು, ದಿನಕ್ಕೊಂದರಂತೆ ಹನ್ನೆರಡು ವಾರ. 2025ರ ಜೂನ್‌ನಲ್ಲಿ ಅಮೆರಿಕದ ಔಷಧ ಅನುಮೋದನಾ ಸಂಸ್ಥೆಯಾದ ಎಫ್‌ಡಿಎ, ಗ್ಲೆಕಾಪ್ರೆವಿರ್ ಮತ್ತು ಪಿಬ್ರೆಂಟಾಸ್ವಿರ್ ಸೇರಿದ ಮಾತ್ರೆಯನ್ನು ಎಂಟು ವಾರಗಳ ಚಿಕಿತ್ಸೆಯಾಗಿ ಹೊಸ ಸೋಂಕಿಗೂ ಅನುಮೋದಿಸಿತು. ವೈರಸ್ಸನ್ನೇ ನೇರವಾಗಿ ತಡೆಯುವ ಔಷಧವೊಂದಕ್ಕೆ ಈ ಹಂತಕ್ಕಾಗಿಯೇ ಅಲ್ಲಿ ಸಿಕ್ಕ ಮೊದಲ ಅನುಮೋದನೆ ಅದು. ಸುದ್ದಿ ಓದಿದ ದಿನ ನಾನು ಆ ವೈದ್ಯರನ್ನು ಮನಸ್ಸಿನಲ್ಲೇ ವಂದಿಸಿದೆ.

ಆದರೆ ಅಕ್ಕನ ಪ್ರಶ್ನೆ ಹಾಗೆಯೇ ಉಳಿದಿತ್ತು. ಎಲ್ಲಿಂದ ಬಂತು? ಭಾವ ಆ ಆರು ತಿಂಗಳಲ್ಲಿ ರಕ್ತ ಹಾಕಿಸಿಕೊಂಡಿರಲಿಲ್ಲ, ಬೇರೆಲ್ಲೂ ಚುಚ್ಚಿಸಿಕೊಂಡಿರಲಿಲ್ಲ. ಡಯಾಲಿಸಿಸ್ ಕೇಂದ್ರದಲ್ಲಿ ಜೊತೆಗೆ ಕುಳಿತಿದ್ದ ದಿನಗಳಲ್ಲಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್‌ನ ಒಂದೇ ಬಾಟಲಿಯಿಂದ ಮೂರು ನಾಲ್ಕು ಹಾಸಿಗೆಗಳಿಗೆ ಔಷಧ ಎಳೆಯುವುದನ್ನೂ ಒಬ್ಬರ ಸೂಜಿ ಕಿತ್ತ ಕೈಗವಸಿನಲ್ಲೇ ಇನ್ನೊಬ್ಬರ ಯಂತ್ರದ ಗುಂಡಿ ಒತ್ತುವುದನ್ನೂ ನಾನು ನೋಡಿದ್ದೆ. ಆಗ ಅದರ ಅರ್ಥ ನನಗೆ ಹೊಳೆದಿರಲಿಲ್ಲ. ಒಣಗಿದ ರಕ್ತದ ಕಲೆಯಲ್ಲಿ ಈ ವೈರಸ್ ದಿನಗಟ್ಟಲೆ ಬದುಕಬಲ್ಲದು. ಡಯಾಲಿಸಿಸ್ ಕೇಂದ್ರದಲ್ಲಿ ಒಂದು ಹೊಸ ಸೋಂಕು ಕಂಡರೆ, ಎಲ್ಲೋ ಸೋರುತ್ತಿದೆ ಎಂದೇ ತಿಳಿದು ಅಲ್ಲಿ ಬರುವ ಎಲ್ಲರನ್ನೂ ಪರೀಕ್ಷಿಸಬೇಕು. ಆ ಪಾಳಿಯ ಉಳಿದವರಿಗೆ ಆರ್‌ಎನ್‌ಎ ಪರೀಕ್ಷೆ ಮಾಡಿದಿರಾ ಎಂದು ನಾನು ಎರಡು ಸಲ ಪತ್ರ ಬರೆದು ಕೇಳಿದೆ. ಉತ್ತರ ಬರಲಿಲ್ಲ. ಭಾವನನ್ನು ಬೇರೆ ಕೇಂದ್ರಕ್ಕೆ ಸೇರಿಸಿದೆವು.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2022ರಲ್ಲಿ ಭಾರತದಲ್ಲಿ ಈ ಸೋಂಕಿನೊಡನೆ ಬದುಕುತ್ತಿದ್ದವರು ಸುಮಾರು 55 ಲಕ್ಷ, ಜಗತ್ತಿನಲ್ಲಿ 5 ಕೋಟಿ; ಪ್ರತಿ ವರ್ಷ ಹೊಸದಾಗಿ ಸೇರುವವರು ಜಗತ್ತಿನಾದ್ಯಂತ ಸುಮಾರು ಹತ್ತು ಲಕ್ಷ. ಲಸಿಕೆ ಇಲ್ಲ. ಗುಣವಾದವರಿಗೂ ಮತ್ತೆ ತಗುಲಬಹುದು. ನಮ್ಮ ಕಾರ್ಯಕ್ರಮದ ವರದಿಗಳಲ್ಲಿ ಮಾತ್ರೆ ಪಡೆದವರ ಸಂಖ್ಯೆ ಮೊದಲು ಕಣ್ಣಿಗೆ ಬೀಳುತ್ತದೆ, ಆ ಸಂಖ್ಯೆ ಬೆಳೆಯುವುದು ನನಗೂ ಸಂತೋಷವೇ. ಆದರೆ ಪ್ರತಿ ಡಯಾಲಿಸಿಸ್ ಕೇಂದ್ರವೂ ಈ ತಿಂಗಳು ನಮ್ಮಲ್ಲಿ ಎಷ್ಟು ಮಂದಿ ನೆಗೆಟಿವ್‌ನಿಂದ ಪಾಸಿಟಿವ್ ಆದರು ಎಂಬ ಒಂದೇ ಒಂದು ಅಂಕಿಯನ್ನು ಬಾಗಿಲಲ್ಲಿ ತೂಗುಹಾಕಬೇಕೆಂದು ನಾನು ಬಯಸುತ್ತೇನೆ.

ಮಾತ್ರೆ ಮುಗಿದ ಹನ್ನೆರಡು ವಾರಗಳ ನಂತರ ಭಾವನ ರಕ್ತದಲ್ಲಿ ವೈರಸ್ ಸಿಗಲಿಲ್ಲ. ಆಂಟಿಬಾಡಿ ಮಾತ್ರ ಇನ್ನೂ ಇದೆ, ಆದ್ದರಿಂದ ಮತ್ತೆ ಸೋಂಕು ಬಂದರೆ ಆ ಪರೀಕ್ಷೆಯಿಂದ ತಿಳಿಯುವಂತಿಲ್ಲ. ಅಕ್ಕ ಆರು ತಿಂಗಳಿಗೊಮ್ಮೆ ಆರ್‌ಎನ್‌ಎ ಪರೀಕ್ಷೆಯನ್ನೇ ಕೇಳಿ ಮಾಡಿಸುತ್ತಾಳೆ, ವರದಿಗಳನ್ನು ತಾರೀಖಿನ ಪ್ರಕಾರ ಒಂದು ನೀಲಿ ಫೈಲಿನಲ್ಲಿ ಜೋಡಿಸಿಟ್ಟಿದ್ದಾಳೆ. ಮುಂದಿನದು ಬರುವ ತಿಂಗಳಿದೆ.