ಮಲ್ಪೆಯಲ್ಲಿ ಮೂರು ಬೆಳಗು

ಅಕ್ಕ ಫೋನಿನಲ್ಲಿ ಹೇಳಿದ್ದು ಒಂದೇ ಮಾತು. "ನೀನು ಹೋಗಿ ಅವನನ್ನು ವಾಪಸ್ ಕರ್ಕೊಂಡು ಬಾ."

ಅವನು ಅಂದರೆ ಅವಳ ಮಗ, ನನ್ನ ಸೋದರಳಿಯ. ವಯಸ್ಸು 20. ಡಿಗ್ರಿಗೆ ಸೇರಿದವನು ಅರ್ಧಕ್ಕೆ ಬಿಟ್ಟು, ಮಲ್ಪೆಯಲ್ಲಿ ನಾಲ್ಕು ಹುಡುಗರ ಜೊತೆ ರೂಮು ಮಾಡಿಕೊಂಡು, ನಾಲ್ಕು ವರ್ಷದ ಮಟ್ಟಿಗೆ ಸೈನ್ಯಕ್ಕೆ ಸೇರುವ ಅಗ್ನಿವೀರ್ ಆಗಲು ತಯಾರಿ ನಡೆಸಿದ್ದ. 2024ರ ಜನವರಿಯಲ್ಲಿ ಮೂರು ದಿನ ರಜೆ ಹಾಕಿ ಶಿವಮೊಗ್ಗದಲ್ಲಿ ಬಸ್ಸು ಹತ್ತಿದೆ.

ಆಗುಂಬೆ ಘಾಟಿಗೆ ಮಿನಿ ಬಸ್ಸೇ ಗತಿ. 14 ತಿರುವು ಇಳಿಯುವಷ್ಟರಲ್ಲಿ ಅವನಿಗೆ ಹೇಳಬೇಕಾದ ಮಾತನ್ನೆಲ್ಲ ಜೋಡಿಸಿಕೊಂಡಿದ್ದೆ. ಮೊದಲು ಡಿಗ್ರಿ ಮುಗಿಸು. ನಾಲ್ಕು ವರ್ಷ ಆದಮೇಲೆ ಏನು ಮಾಡ್ತೀಯ? ಮನೆಯಲ್ಲಿ ಅಮ್ಮ ಒಬ್ಬಳೇ ಇದ್ದಾಳೆ. ಹೆಬ್ರಿ ದಾಟುವಾಗ ಸೆಕೆ ಶುರುವಾಯಿತು. ಉಡುಪಿಯಲ್ಲಿ ಎಲ್ಲಿ ನೋಡಿದರೂ ಕಮಾನು, ದೀಪದ ಸರ. 18ನೇ ತಾರೀಕಿಗೆ ಪುತ್ತಿಗೆ ಮಠದ ಪರ್ಯಾಯ ಇತ್ತು. ಅದನ್ನು ನೋಡಲು ನನಗೆ ಪುರುಸೊತ್ತು ಇರಲಿಲ್ಲ. ಸಿಟಿ ಬಸ್ಸು ಹಿಡಿದು ಸೀದಾ ಮಲ್ಪೆಗೆ ಹೋದೆ.

ಅಳಿಯ ಸಿಕ್ಕಿದ್ದು ಬಂದರಿನ ಹತ್ತಿರದ ಐಸ್ ಪ್ಲಾಂಟಿನಲ್ಲಿ. ಮಧ್ಯಾಹ್ನದಿಂದ ರಾತ್ರಿವರೆಗೆ ಅಲ್ಲಿ ಕೆಲಸ. ರೂಮಿನ ಬಾಡಿಗೆ, ಊಟದ ಖರ್ಚು ಅದರಲ್ಲೇ. ಕೈ ಹಿಡಿದುಕೊಂಡರೆ ತಣ್ಣಗೆ ಮರದ ತುಂಡಿನ ಹಾಗಿತ್ತು. ಹೇಳಬೇಕೆಂದುಕೊಂಡಿದ್ದ ಮಾತು ಆ ರಾತ್ರಿ ಬಾಯಿಗೆ ಬರಲಿಲ್ಲ. "ಮಾಮ, ಬೆಳಿಗ್ಗೆ ಸುಮ್ನೆ ಬಂದು ನೋಡಿ, ಆಮೇಲೆ ಬೈಯಿರಿ" ಅಂದ.

ಐದೂವರೆಗೆ ಬೀಚಿನಲ್ಲಿ ಇನ್ನೂ ಕತ್ತಲು. ಇಪ್ಪತ್ತಕ್ಕೂ ಜಾಸ್ತಿ ಹುಡುಗರು. ಬೈಂದೂರಿನವರು, ಕಾರ್ಕಳದವರು, ಇಲ್ಲಿನ ಮೊಗವೀರರ ಮನೆಯವರು. ಕಲಿಸುವವರು ಸೈನ್ಯದ ಎಂಜಿನಿಯರ್ ದಳ ಮದ್ರಾಸ್ ಸ್ಯಾಪರ್ಸ್‌ನಲ್ಲಿ ಹವಿಲ್ದಾರ್ ಆಗಿ ನಿವೃತ್ತರಾದವರು. ಹುಡುಗರಿಂದ ಒಂದು ರೂಪಾಯಿ ತೆಗೆದುಕೊಳ್ಳುವುದಿಲ್ಲ. ನಾನು ದೂರದಲ್ಲಿ ನಿಂತಿದ್ದು ಕಂಡು, "ನೋಡುವವರಿಗೆ ಇಲ್ಲಿ ಜಾಗ ಇಲ್ಲ, ಸಾಲಿಗೆ ಬನ್ನಿ" ಅಂದರು. ಚಪ್ಪಲಿ ಬಿಟ್ಟು ಹೋದೆ.

ಮೊದಲು ಒಣ ಮರಳಿನಲ್ಲಿ ಓಟ. ಕಾಲು ಇಟ್ಟಲ್ಲಿ ಹೂತುಹೋಗುತ್ತದೆ, ಎತ್ತುವುದಕ್ಕೇ ಅರ್ಧ ಶಕ್ತಿ ಬೇಕು. ಆಮೇಲೆ ಅಲೆ ಬಂದು ಹೋಗುವ ಒದ್ದೆ ಮರಳಿಗೆ ಇಳಿಸುತ್ತಾರೆ. ಅದು ಗಟ್ಟಿ ನೆಲದ ಹಾಗೆ, ಕಾಲು ತಾನಾಗಿ ಹಾರುತ್ತದೆ. ಒಣ ಮರಳು ಶಕ್ತಿಗೆ, ಒದ್ದೆ ಮರಳು ವೇಗಕ್ಕೆ ಅಂತ ಅಳಿಯ ಪಕ್ಕದಲ್ಲಿ ಓಡುತ್ತಲೇ ಹೇಳಿದ. ನನಗೆ ಉತ್ತರ ಕೊಡುವಷ್ಟು ಉಸಿರು ಇರಲಿಲ್ಲ. ನನಗೆ 43. ಹತ್ತು ನಿಮಿಷಕ್ಕೆ ಎದೆ ಉರಿಯಿತು, ಕೂತುಬಿಟ್ಟೆ. ಯಾರೂ ನಗಲಿಲ್ಲ. ಒಬ್ಬ ಹುಡುಗ ಬಂದು ನನ್ನನ್ನು ಎಬ್ಬಿಸಿ ನಡೆಸಿದ. ಓಡಿದ ಮೇಲೆ ತಕ್ಷಣ ಕೂರಬಾರದಂತೆ.

ಆಮೇಲೆ ಡ್ರಿಲ್. ಭರ್ತಿಯ ಪರೀಕ್ಷೆಯಲ್ಲಿ ಡ್ರಿಲ್ ಇಲ್ಲ. ಆದರೂ ಹವಿಲ್ದಾರರು ಬಿಡುವುದಿಲ್ಲ. ಟ್ರೇನಿಂಗ್ ಸೆಂಟರಿಗೆ ಹೋದ ಮೊದಲ ದಿನವೇ ನಮ್ಮ ಹುಡುಗರು ಭಾಷೆ ಅರ್ಥವಾಗದೆ ಹೆದರುತ್ತಾರೆ ಅನ್ನುವುದು ಅವರ ಚಿಂತೆ. ಆದೇಶ ಎಲ್ಲ ಹಿಂದಿಯಲ್ಲಿ, ವಿವರಣೆ ತುಳುವಿನಲ್ಲಿ, ನನಗಾಗಿ ನಡುವೆ ಒಂದಿಷ್ಟು ಕನ್ನಡ. ದಾಹಿನೇ ಯಾವುದು, ಬಾಯೇ ಯಾವುದು ಅಂತ ತಡವರಿಸಿದ ಹುಡುಗನಿಗೆ "ಊಟ ಮಾಡುವ ಕೈ ದಾಹಿನೇ, ಇನ್ನು ಮರೆಯಬೇಡ" ಅಂದರು.

ಒಂದೊಂದು ಆದೇಶಕ್ಕೂ ಎರಡು ತುಂಡು ಇರುವುದು ನನಗೆ ಅವತ್ತೇ ಗೊತ್ತಾಗಿದ್ದು. "ಸಾ..ವ.." ಅಂತ ಎಳೆಯುತ್ತಾರೆ. ಅಷ್ಟು ಹೊತ್ತೂ ಯಾರೂ ಅಲುಗಾಡುವಂತಿಲ್ಲ. ಮೈ ಮಾತ್ರ ಒಳಗೇ ತಯಾರಾಗುತ್ತದೆ. "ಧಾನ್" ಅಂದ ಕೂಡಲೇ ಎಲ್ಲರ ಹಿಮ್ಮಡಿಯೂ ಒಟ್ಟಿಗೆ ಬಡಿಯಬೇಕು. ಹಿಮ್ಮಡಿ ಜೋಡಿ, ಮುಂಗಾಲುಗಳ ನಡುವೆ 30 ಡಿಗ್ರಿ. ವಿಶ್ರಾಮ್‌ನಲ್ಲಿ ಕಾಲುಗಳ ನಡುವೆ 12 ಇಂಚು. ತೇಜ್ ಚಲ್ ಅಂದರೆ ನಿಮಿಷಕ್ಕೆ 120 ಹೆಜ್ಜೆ. ಮೊದಲ ದಿನ ನಾನು ಪ್ರತಿ ಸಲವೂ ಮುಂಚೆಯೇ ಅಲುಗಾಡಿದೆ. ಎಳೆದ ದನಿ ಕೇಳಿಕೊಂಡು ಸುಮ್ಮನಿರುವುದು ಓಟಕ್ಕಿಂತ ಕಷ್ಟ ಅನ್ನಿಸಿತು. ಎರಡನೇ ಬೆಳಿಗ್ಗೆ ಒಮ್ಮೆ ಮಾತ್ರ, ಎಲ್ಲರ ಜೊತೆ ಸರಿಯಾಗಿ ತಿರುಗಿದೆ. ಇಪ್ಪತ್ತು ಚಿಲ್ಲರೆ ಕಾಲುಗಳು ಒಟ್ಟಿಗೆ ಮರಳಿಗೆ ಬಿದ್ದ ಆ ಸದ್ದಿನಲ್ಲಿ ನನ್ನದೂ ಒಂದಿತ್ತು. ಮೈ ಜುಮ್ಮೆಂದಿತು.

ನಾನು ಹೇಳಬೇಕಾಗಿದ್ದ ಮಾತನ್ನು ಹವಿಲ್ದಾರರೇ ಹೇಳಿದ್ದೂ ಆ ಬೆಳಿಗ್ಗೆಯೇ. ಹುಡುಗರನ್ನು ನಾಲ್ಕು ನಾಲ್ಕು ಮಂದಿಯ ಸಾಲು ಮಾಡಿ ನಿಲ್ಲಿಸಿದರು. "ನಿಮ್ಮ ಅಕ್ಕಪಕ್ಕ ನೋಡಿ. ನಾಲ್ಕು ವರ್ಷ ಆದಮೇಲೆ ಹೆಚ್ಚೆಂದರೆ ಒಬ್ಬ ಸೈನ್ಯದಲ್ಲಿ ಉಳಿಯಬಹುದು. ಮೂವರು ಮನೆಗೆ ಬರ್ತೀರಿ. ಅದನ್ನು ತಿಳಿದೇ ಓಡಿ." ಲೆಕ್ಕವನ್ನೂ ಹೇಳಿದರು. ಮೊದಲ ವರ್ಷ ತಿಂಗಳಿಗೆ 30,000, ಕೈಗೆ 21,000. ಉಳಿದಿದ್ದು ಸೇವಾ ನಿಧಿಗೆ. ಅದಕ್ಕೆ ಸರ್ಕಾರವೂ ಅಷ್ಟೇ ಹಾಕುತ್ತದೆ, ಹೊರಬರುವಾಗ ಬಡ್ಡಿ ಸೇರಿ ಸುಮಾರು 11.71 ಲಕ್ಷ. ಪಿಂಚಣಿ ಇಲ್ಲ. ಯಾರೂ ಸಾಲು ಬಿಟ್ಟು ಹೋಗಲಿಲ್ಲ. ಅಳಿಯನ ಮುಖ ನೋಡಿದೆ. ಅವನು ಇದನ್ನು ಮೊದಲ ಸಲ ಕೇಳುತ್ತಿರಲಿಲ್ಲ. ಏನೂ ಗೊತ್ತಿಲ್ಲದ ಹುಡುಗ ಅಂದುಕೊಂಡು ಬಂದಿದ್ದೆ. ನನಗಿಂತ ಚೆನ್ನಾಗಿ ಅವನಿಗೆ ಗೊತ್ತಿತ್ತು.

ಗಾಳಿಮರಗಳ ಹತ್ತಿರ ಎರಡು ಕಂಬ ನೆಟ್ಟು ಕಬ್ಬಿಣದ ಪೈಪು ಕಟ್ಟಿದ್ದಾರೆ. ಅಲ್ಲಿ ಪುಲ್ಅಪ್. ಹತ್ತು ಹೊಡೆದರೆ 40 ಅಂಕ. ಅಳಿಯ ಏಳಕ್ಕೆ ನಿಂತ. ಅಂಗೈಯಲ್ಲಿ ಗುಳ್ಳೆ ಒಡೆದಿತ್ತು. ರಾತ್ರಿ ಐಸು ಎತ್ತಿದ ಕೈಯಲ್ಲಿ ಬೆಳಿಗ್ಗೆ ಪೈಪು ಹಿಡಿಯುವುದು ಅಂದರೆ ಸುಲಭವಾ? ರೂಮಿಗೆ ಬಂದು ಕುಚ್ಚಲಕ್ಕಿ ಗಂಜಿ, ಹುರಿದ ಬಂಗುಡೆ. ಆ ಗಂಜಿಯ ರುಚಿ ಇನ್ನೂ ನಾಲಿಗೆಯಲ್ಲಿದೆ.

ಮೂರನೇ ಬೆಳಿಗ್ಗೆ ಅಜ್ಜರಕಾಡಿನ ಜಿಲ್ಲಾ ಕ್ರೀಡಾಂಗಣ. ಓಟದ ಸಮಯ ಅಳೆಯುವುದು ಅಲ್ಲಿ. 400 ಮೀಟರಿನ ಟ್ರ್ಯಾಕಿನಲ್ಲಿ ನಾಲ್ಕು ಸುತ್ತು, ಒಟ್ಟು 1600 ಮೀಟರ್. ಆಗಿನ ನಿಯಮದಲ್ಲಿ 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದರೆ 60 ಅಂಕ, 5:45ರೊಳಗೆ ಮುಗಿಸಿದರೆ 48. ಅದು ದಾಟಿದರೆ ಮನೆಗೆ. ಇದೂ ಆನ್‌ಲೈನ್ ಪರೀಕ್ಷೆ ಪಾಸಾದವರಿಗೆ ಮಾತ್ರ. 2023ರಿಂದ ಪರೀಕ್ಷೆ ಮೊದಲು, ಓಟ, ಪುಲ್ಅಪ್ ನಡೆಯುವ ಭರ್ತಿ ರ‍್ಯಾಲಿ ಆಮೇಲೆ. ಆಗ ವಯಸ್ಸು 21 ದಾಟಿದರೆ ಅರ್ಜಿಯೇ ಇರಲಿಲ್ಲ.

ಸ್ಟಾಪ್‌ವಾಚನ್ನು ಹವಿಲ್ದಾರರು ನನ್ನ ಕೈಗೆ ಕೊಟ್ಟರು. ಮೂರು ಸುತ್ತು ಅಳಿಯ ಮುಂದಿನ ಗುಂಪಿನಲ್ಲೇ ಇದ್ದ. ನಾಲ್ಕನೆಯದರಲ್ಲಿ ಭುಜ ಮೇಲೆದ್ದವು, ತಲೆ ಹಿಂದಕ್ಕೆ ಹೋಯಿತು. ನಾನು ಗೆರೆಯ ಹತ್ತಿರ ನಿಂತು ಗಂಟಲು ಹರಿಯುವಂತೆ ಕೂಗಿದೆ. "ಓಡೋ, ಓಡೋ, ನಿಲ್ಲಬೇಡ!" ವಾಪಸ್ ಕರೆದುಕೊಂಡು ಹೋಗಲು ಬಂದವನ ಬಾಯಿಂದ ಬಂದ ಮಾತು ಅದು. ಗೆರೆ ದಾಟಿದಾಗ ಗುಂಡಿ ಒತ್ತಿದೆ. 5:52.

ಅವನು ಸೊಂಟದ ಮೇಲೆ ಕೈ ಇಟ್ಟು ನಡೆದ, ಕೂರಲಿಲ್ಲ. ವಾಚು ನೋಡಿ ತಲೆ ಆಡಿಸಿದ. ಹೊರಗೆ ಬಂದ ಮೇಲೆ ಹುಡುಗರೆಲ್ಲ ಹುತಾತ್ಮರ ಸ್ಮಾರಕದ ಮುಂದೆ ಸ್ವಲ್ಪ ಹೊತ್ತು ಸಾವಧಾನ್ ಸ್ಥಿತಿಯಲ್ಲಿ ನಿಂತರು. ಯಾರೂ ಆದೇಶ ಕೊಟ್ಟಿರಲಿಲ್ಲ. ನಾನೂ ನಿಂತೆ.

ಬಸ್ ಸ್ಟ್ಯಾಂಡಿನಿಂದ ಅಕ್ಕನಿಗೆ ಫೋನ್ ಮಾಡಿದೆ. "ಹೇಳಿದೆಯಾ ಅವನಿಗೆ?" ಅಂದಳು.

"ಇಲ್ಲ. ಏಳು ಸೆಕೆಂಡು ಜಾಸ್ತಿ ಆಗ್ತಿದೆ ಅಕ್ಕ, ಅಷ್ಟೇ" ಅಂದೆ.

ತುಂಬಾ ಹೊತ್ತು ಅವಳು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ ಕೇಳಿದಳು. "ಬೆಳಿಗ್ಗೆ ಎದ್ದು ಏನು ತಿಂತಾನೆ ಅವನು?"